ಕುತ್ತಿಗೆ, ಹೆಗಲು ಬಿಗಿದಾಗ ಕಪ್ಪಿಂಗ್: ಯಾವ ಬಗೆ ಯಾರಿಗೆ, ಯಾರಿಗೆ ಬೇಡ

ಕುತ್ತಿಗೆಯಿಂದ ಹೆಗಲವರೆಗೆ ಬಿಗಿದುಕೊಂಡಿದೆ. ತಲೆ ತಿರುಗಿಸಿದರೆ ಹಿಡಿಯುತ್ತದೆ. ಮಸಾಜ್ ಮಾಡಿಸಿದರೆ ಎರಡು ದಿನ ಆರಾಮ, ಆಮೇಲೆ ಮತ್ತೆ ಅದೇ ಕಥೆ. ಒಬ್ಬರು ಹಿಜಾಮಾ, ಅಂದರೆ ಚರ್ಮ ಗೀರಿ ಕಪ್ಪಿನಿಂದ ರಕ್ತ ತೆಗೆಸುವುದು, ಮಾಡಿಸು ಅಂತಾರೆ. ಇನ್ನೊಬ್ಬರು ಬೆನ್ನಿನ ತುಂಬ ದುಂಡನೆಯ ಕೆಂಪು ಗುರುತು ಇರುವ ಫೋಟೊ ತೋರಿಸಿ ಇದನ್ನೇ ಮಾಡಿಸು ಅಂತಾರೆ. ಮೈಮೇಲೆ ಕಪ್ ಕವುಚಿ ಚರ್ಮವನ್ನು ಮೇಲಕ್ಕೆ ಎಳೆಯುವ ಈ ಚಿಕಿತ್ಸೆಯೇ ಕಪ್ಪಿಂಗ್. ಆನ್‌ಲೈನ್‌ನಲ್ಲಿ ಸಿಲಿಕೋನ್ ಕಪ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಮನೆಯವರು, ಸುಮ್ನೆ ಫಿಸಿಯೋ ಹತ್ತಿರ ಹೋಗು ಅಂತಾರೆ. ಇಷ್ಟರಲ್ಲಿ ಯಾವುದನ್ನು ಹಿಡಿಯುವುದು, ಯಾವುದನ್ನು ಬಿಡುವುದು ಎಂದು ಕೇಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬರೀ ಸ್ನಾಯು ಬಿಗಿತಕ್ಕೆ ರಕ್ತ ತೆಗೆಸುವ ಅಗತ್ಯ ಇಲ್ಲ. ರಕ್ತ ತೆಗೆಯದ ಡ್ರೈ ಕಪ್ಪಿಂಗ್ ಕೆಲವು ದಿನ ಆರಾಮ ಕೊಡಬಹುದು. ಆ ಆರಾಮದ ದಿನಗಳಲ್ಲಿ ನೀವು ವ್ಯಾಯಾಮ ಶುರು ಮಾಡಿದರೆ ಕೊಟ್ಟ ದುಡ್ಡಿಗೆ ಬೆಲೆ ಬರುತ್ತದೆ. ಮಾಡದಿದ್ದರೆ ಮುಂದಿನ ತಿಂಗಳು ಅದೇ ನೋವು, ಅದೇ ಕ್ಲಿನಿಕ್, ಅದೇ ಬಿಲ್.

ಆರಿಸುವ ಮೊದಲು ನೋಡಬೇಕಾದದ್ದು

ಮೊದಲನೆಯದು, ಈ ಬಿಗಿತ ಎಲ್ಲಿಂದ ಬಂತು? ಹೊಲಿಗೆ ಮಷಿನ್ ಮುಂದೆ ಬಲ ಹೆಗಲನ್ನು ಮೇಲೆತ್ತಿಕೊಂಡೇ ದಿನ ಕಳೆಯುವ ಟೈಲರ್, ಲ್ಯಾಪ್‌ಟಾಪ್ ಕಡೆ ತಲೆ ಚಾಚಿ ಕೂರುವ ಐಟಿ ಉದ್ಯೋಗಿ, ಬಸ್ಸಿನ ಸ್ಟೇರಿಂಗ್ ಹಿಡಿಯುವ ಚಾಲಕ, ಇವರದು ಕೆಲಸದಿಂದ ಬರುವ ಬಿಗಿತ. ಕೆಲಸದ ಭಂಗಿ ಹಾಗೇ ಇದ್ದರೆ ಯಾವ ಚಿಕಿತ್ಸೆಯಾದರೂ ತಾತ್ಕಾಲಿಕವೇ. ಆದರೆ ಕೈ ಜೋಮು ಹಿಡಿಯುತ್ತಿದ್ದರೆ, ಬೆರಳಿನ ಹಿಡಿತ ಸಡಿಲವಾಗಿದ್ದರೆ, ರಾತ್ರಿ ಮಲಗಿದರೂ ನೋವು ಇಳಿಯದಿದ್ದರೆ, ಜ್ವರ ಬರುತ್ತಿದ್ದರೆ, ಸುಮ್‌ಸುಮ್ನೆ ತೂಕ ಇಳಿಯುತ್ತಿದ್ದರೆ ಅದನ್ನು ಬಿಗಿತ ಎಂದುಕೊಂಡು ಕೂರಬೇಡಿ, ಡಾಕ್ಟರಿಗೆ ತೋರಿಸಿ. ಸೊಂಟನೋವಿನ ಜೊತೆಗೆ ಮೂತ್ರ, ಮಲದ ಹಿಡಿತ ತಪ್ಪಿದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಎಡ ಹೆಗಲು, ದವಡೆ, ಎದೆ ಹಿಡಿದುಕೊಂಡು ಬೆವರು ಬರುತ್ತಿದ್ದರೆ ಅದು ಹೃದಯದ್ದಿರಬಹುದು. ಆಗ ಕಪ್ಪಿಂಗ್ ಯೋಚನೆಯೇ ಬೇಡ.

ಎರಡನೆಯದು ನಿಮ್ಮ ಮೈ ಮತ್ತು ನಿಮ್ಮ ಮಾತ್ರೆಗಳು. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಕಪ್ ಹಾಕಿದ ಜಾಗದಲ್ಲಿ ಚರ್ಮದ ಕೆಳಗೆ ರಕ್ತ ಸೋರಿ ತುಂಬಿಕೊಂಡು ಊದಬಹುದು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ಎಷ್ಟೋ ಜನ ಇಂಥ ಮಾತ್ರೆ ತಗೊಳ್ಳುತ್ತಿರುತ್ತಾರೆ, ಆದರೆ ಕಪ್ ಹಾಕುವವರು ಕೇಳದಿದ್ದರೆ ಹೇಳುವುದಿಲ್ಲ. ದಯವಿಟ್ಟು ಹೇಳಿ. ರಕ್ತಹೀನತೆ ಇರುವವರು, ಗರ್ಭಿಣಿಯರು, ಸಕ್ಕರೆ ಕಾಯಿಲೆಯಿಂದ ಚರ್ಮದ ಸ್ಪರ್ಶ ಕಡಿಮೆಯಾದವರು, ಚರ್ಮದ ಮೇಲೆ ಗಾಯ ಅಥವಾ ಕಜ್ಜಿ ಇರುವವರು ಕೂಡ ತಮ್ಮ ಡಾಕ್ಟರನ್ನು ಕೇಳದೆ ಮಾಡಿಸಬಾರದು.

ಮೂರನೆಯದು ಕಲೆ. ದುಂಡನೆಯ ಗುರುತು ಒಂದು ವಾರ, ಹತ್ತು ದಿನ ಉಳಿಯುವುದು ಸಾಮಾನ್ಯ. ನಮ್ಮಂಥ ಕಂದು ಬಣ್ಣದ ಚರ್ಮದಲ್ಲಿ ಇನ್ನೂ ಎರಡು ವಿಷಯ ಇವೆ. ಕೆಂಪು ಏರುವುದು ಬೇಗ ಕಾಣುವುದಿಲ್ಲ, ಹಾಗಾಗಿ ಮಾಡುವವರು ಬೇಕಾದ್ದಕ್ಕಿಂತ ಜಾಸ್ತಿ ಎಳೆದುಬಿಡುವ ಸಾಧ್ಯತೆ ಇದೆ. ಗುರುತು ಆರಿದ ಮೇಲೂ ಕಪ್ಪು ಛಾಯೆ ಕೆಲವು ವಾರ ಉಳಿಯಬಹುದು. ಮದುವೆಗೆ ಹದಿನೈದು ದಿನ ಇದೆ, ಬ್ಲೌಸಿನ ಬೆನ್ನು ಅಗಲ ಇಡಿಸಿದ್ದೀರಿ ಅಂದರೆ ಈ ಸಲ ಕಪ್ಪಿಂಗ್ ಬಿಟ್ಟುಬಿಡಿ.

ನಾಲ್ಕನೆಯದು ಖರ್ಚು. ಒಂದು ಸಲಕ್ಕೆ ಎಷ್ಟು ಎನ್ನುವುದಕ್ಕಿಂತ, ಎಷ್ಟು ದಿನದ ಆರಾಮಕ್ಕೆ ಎಷ್ಟು ಎಂದು ಲೆಕ್ಕ ಹಾಕಿ. ಐದನೆಯದು ಮಾಡುವವರು ಯಾರು ಎನ್ನುವುದು. ನನ್ನ ಪ್ರಕಾರ ಎಲ್ಲಕ್ಕಿಂತ ತೂಕದ್ದು ಇದು.

ಕಪ್ ಒಳಗೆ ಏನಾಗುತ್ತದೆ

ಕಪ್ಪಿಂಗ್ ಹೊಸದಲ್ಲ. ಸುಶ್ರುತ ಸಂಹಿತೆಯಲ್ಲಿ ರಕ್ತ ತೆಗೆಯಲು ಕೊಂಬು ಇಡುವುದು, ಸೋರೆಬುರುಡೆಯೊಳಗೆ ದೀಪ ಇಟ್ಟು ಮೈಮೇಲೆ ಕವುಚುವುದು ಎರಡೂ ಬರುತ್ತವೆ. ಚೀನಾದ ವೈದ್ಯದಲ್ಲಿ, ಯುನಾನಿಯಲ್ಲಿ ಇದಕ್ಕೆ ದೊಡ್ಡ ಜಾಗವಿದೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಈಜುಗಾರ ಮೈಕೆಲ್ ಫೆಲ್ಪ್ಸ್ ಹೆಗಲ ಮೇಲೆ ನೇರಳೆ ಗುರುತುಗಳು ಕಂಡ ಮೇಲೆ ಜಗತ್ತಿನ ಜಿಮ್‌ಗಳಿಗೆಲ್ಲ ಹಬ್ಬಿತು.

ಕೆಲಸ ಸರಳ. ಮಸಾಜ್‌ನಲ್ಲಿ ಸ್ನಾಯುವನ್ನು ಒತ್ತುತ್ತಾರೆ, ಇಲ್ಲಿ ಮೇಲಕ್ಕೆ ಎಳೆಯುತ್ತಾರೆ. ಕಪ್ಪಿನೊಳಗಿನ ಗಾಳಿಯ ಒತ್ತಡ ಇಳಿದಾಗ ಚರ್ಮ, ಅದರ ಕೆಳಗಿನ ಕೊಬ್ಬು, ಮೇಲ್ಪದರದ ಅಂಗಾಂಶ ಪೂರಿಯ ಹಾಗೆ ಉಬ್ಬುತ್ತವೆ. ಆ ಜಾಗಕ್ಕೆ ರಕ್ತ ನುಗ್ಗುತ್ತದೆ, ಬೆಚ್ಚಗಾಗುತ್ತದೆ. ಕೂದಲೆಳೆಗಿಂತ ಸಣ್ಣ ರಕ್ತನಾಳಗಳು ಒಡೆದು ರಕ್ತ ಚರ್ಮದ ಕೆಳಗೆ ಹರಡುತ್ತದೆ, ಅದೇ ಆ ಗುರುತು. ಗುರುತು ಕಪ್ಪಾದಷ್ಟೂ ಒಳಗೆ ವಿಷ ಜಾಸ್ತಿ ಇತ್ತು ಎಂದು ಹೇಳುವವರನ್ನು ನಂಬಬೇಡಿ. ಎಷ್ಟು ಜೋರಾಗಿ ಎಳೆದರು, ಎಷ್ಟು ಹೊತ್ತು ಬಿಟ್ಟರು, ನಿಮ್ಮ ಚರ್ಮ ಎಂಥದ್ದು, ಇವುಗಳ ಮೇಲೆ ಬಣ್ಣ ನಿಲ್ಲುತ್ತದೆ.

ಇದರಿಂದ ನೋವು ಇಳಿಯುತ್ತದೆಯಾ? ಕುತ್ತಿಗೆ, ಬೆನ್ನು ನೋವಿಗೆ ಸ್ವಲ್ಪ ಕಾಲದ ಮಟ್ಟಿಗೆ ಇಳಿಯುತ್ತದೆ ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಆದರೆ ಅವುಗಳಲ್ಲಿ ಹೆಚ್ಚಿನವು ಚಿಕ್ಕವು, ಗಟ್ಟಿ ಪುರಾವೆ ಅಲ್ಲ. ಕಪ್ ಎಳೆಯುತ್ತಿದೆಯೋ ಇಲ್ಲವೋ ಎಂದು ಮಲಗಿದವರಿಗೆ ಗೊತ್ತಾಗುತ್ತದೆ ಅಲ್ವಾ, ಹಾಗಾಗಿ ನಿಜವಾದ ಕಪ್ಪನ್ನೂ ಹುಸಿ ಕಪ್ಪನ್ನೂ ಹೋಲಿಸಿ ನೋಡುವುದೇ ಕಷ್ಟ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜರ್ಮನಿಯ ಸಂಶೋಧಕರು ಫೈಬ್ರೊಮಯಾಲ್ಜಿಯ, ಅಂದರೆ ಮೈಯೆಲ್ಲ ನೋಯುವ ದೀರ್ಘ ಕಾಯಿಲೆ ಇರುವವರ ಮೇಲೆ ಇದನ್ನು ಪರೀಕ್ಷಿಸಿದರು. ಮಾಮೂಲಿ ಚಿಕಿತ್ಸೆಯಲ್ಲೇ ಇದ್ದವರಿಗಿಂತ ಕಪ್ ಹಾಕಿಸಿಕೊಂಡವರ ನೋವು ಕಡಿಮೆಯಾಯಿತು. ಆದರೆ ಹುಸಿ ಕಪ್ ಹಾಕಿಸಿಕೊಂಡವರಿಗಿಂತ ಕಡಿಮೆಯಾಗಲಿಲ್ಲ. ಇದರಿಂದ ಕಪ್ಪಿಂಗ್ ಬರೀ ಸುಳ್ಳು ಅಂತ ಆಗುವುದಿಲ್ಲ. ಆದರೆ ಅದರಿಂದ ಪವಾಡ ನಿರೀಕ್ಷಿಸುವುದೂ ಸರಿಯಲ್ಲ.

ಗಾಜಿನ ಕಪ್, ಬೆಂಕಿಯ ವಿಧಾನ

ಚಿಮುಟದಲ್ಲಿ ಹಿಡಿದ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಹಚ್ಚುತ್ತಾರೆ. ಉರಿಯನ್ನು ಗಾಜಿನ ಕಪ್ಪಿನೊಳಗೆ ಕ್ಷಣಮಾತ್ರ ತೋರಿಸಿ ಹೊರಗೆ ತೆಗೆದು, ಕಪ್ಪನ್ನು ಮೈಮೇಲೆ ಇಡುತ್ತಾರೆ. ಒಳಗಿನ ಬಿಸಿ ಗಾಳಿ ತಣಿದು ಕಪ್ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಬೆಂಕಿ ಮೈಗೆ ತಾಗುವುದಿಲ್ಲ. ತೆಗೆಯುವಾಗ ಕಪ್ಪಿನ ಅಂಚಿನ ಪಕ್ಕ ಬೆರಳಿನಿಂದ ಚರ್ಮ ಒತ್ತುತ್ತಾರೆ. ಗಾಳಿ ಒಳಹೋದ ಸದ್ದು ಬಂದು ಕಪ್ ಬಿಟ್ಟುಕೊಳ್ಳುತ್ತದೆ. ಒತ್ತದೆ ಕಿತ್ತು ತೆಗೆಯುವವರನ್ನು ಕಂಡರೆ ಅಲ್ಲಿಂದ ಎದ್ದುಬಿಡಿ.

ಇದರ ಒಳ್ಳೆಯ ಗುಣ ಬೆಚ್ಚಗೆ ಹಿತವಾಗಿರುವುದು. ಗಾಜಿನ ಮೂಲಕ ಚರ್ಮದ ಬಣ್ಣವೂ ಕಾಣುತ್ತದೆ. ಗಾಜನ್ನು ಚೆನ್ನಾಗಿ ತೊಳೆದು ಕ್ರಿಮಿಶುದ್ಧಿ ಮಾಡಬಹುದು. ಕೆಟ್ಟ ಗುಣ ಸುಟ್ಟಗಾಯದ ಭಯ. ಹತ್ತಿಯಿಂದ ಸ್ಪಿರಿಟ್ ತೊಟ್ಟಿಕ್ಕಿದರೆ, ಅಥವಾ ಉರಿಯಿಂದ ಕಪ್ಪಿನ ಅಂಚು ಕಾದಿದ್ದರೆ ಬೊಬ್ಬೆ ಏಳುತ್ತದೆ. ಎಷ್ಟು ಎಳೆಯಬೇಕು ಎನ್ನುವುದು ಪೂರ್ತಿ ಕೈ ಅಭ್ಯಾಸದ ಮೇಲೆ ನಿಂತಿದೆ. ಅನುಭವಿಗಳ ಕೈಯಲ್ಲಿ ಮಾತ್ರ ಸರಿ. ಮನೆಯಲ್ಲಿ ಪ್ರಯತ್ನಿಸಲೇಬೇಡಿ, ವಿಡಿಯೊ ಎಷ್ಟೇ ಸುಲಭವಾಗಿ ಕಂಡರೂ.

ಪಂಪ್ ಕಪ್ ಮತ್ತು ಸಿಲಿಕೋನ್ ಕಪ್

ಮೇಲೆ ವಾಲ್ವ್ ಇರುವ ಪ್ಲಾಸ್ಟಿಕ್ ಕಪ್, ಜೊತೆಗೆ ಕೈಪಂಪ್. ಒಂದೊಂದು ಸಲ ಎಳೆದಾಗಲೂ ಚರ್ಮ ಎಷ್ಟು ಏಳುತ್ತದೆ ಎಂದು ನೋಡಿಕೊಂಡು ನಿಲ್ಲಿಸಬಹುದು. ಸಾಕು ಅಂದರೆ ವಾಲ್ವ್ ಎತ್ತಿದರೆ ಆಯ್ತು. ಬೆಂಕಿಯ ಗೊಡವೆ ಇಲ್ಲ. ಮೊದಲ ಸಲ ಮಾಡಿಸುವವರಿಗೆ ನಾನು ಇದನ್ನೇ ಹೇಳುತ್ತೇನೆ. ಖಾಸಗಿ ಕ್ಲಿನಿಕ್‌ಗಳಲ್ಲಿ ಒಂದು ಸಲಕ್ಕೆ ಕೆಲವು ನೂರರಿಂದ ಸಾವಿರದ ಚಿಲ್ಲರೆವರೆಗೂ ತೆಗೆದುಕೊಳ್ಳುತ್ತಾರೆ. ಕೆಲವು ಕಡೆ ಕಪ್ಪಿಗೆ ಇಷ್ಟು ಎಂದು ಲೆಕ್ಕ. ಹಾಗಿದ್ದಾಗ ಎಷ್ಟು ಕಪ್ ಎಂದು ಮೊದಲೇ ಮಾತಾಡಿಕೊಳ್ಳಿ. ಹೆಗಲು, ಮೇಲ್ಬೆನ್ನಿಗೆ ನಾಲ್ಕರಿಂದ ಆರು ಕಪ್ ಧಾರಾಳ ಸಾಕು.

ಸಿಲಿಕೋನ್ ಕಪ್‌ನ ದಾರಿ ಬೇರೆ. ಹಿಂಡಿ ಇಟ್ಟರೆ ಕಚ್ಚಿಕೊಳ್ಳುತ್ತದೆ. ಎಳೆತ ಮೆತ್ತಗೆ. ಚರ್ಮಕ್ಕೆ ಎಳ್ಳೆಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಸವರಿ, ಕಪ್ಪನ್ನು ಕುತ್ತಿಗೆಯ ಬುಡದಿಂದ ಹೆಗಲಿನ ಕಡೆಗೆ ನಿಧಾನ ಜಾರಿಸಬಹುದು. ಒಂದೇ ಜಾಗದಲ್ಲಿ ನಿಲ್ಲಿಸದ ಕಾರಣ ದುಂಡನೆಯ ಗಾಢ ಕಲೆ ಬೀಳುವುದು ಕಡಿಮೆ. ಹೆಗಲ ಸ್ನಾಯು ಉದ್ದಕ್ಕೆ ಬಿಗಿದವರಿಗೆ ನಿಂತ ಕಪ್ಪಿಗಿಂತ ಈ ಜಾರುವ ಕಪ್ ಹಿತ ಎನ್ನುವುದು ನನ್ನ ಅನಿಸಿಕೆ. ಬೆಲೆಯಲ್ಲೂ ಇದೇ ಅಗ್ಗ. ಒಮ್ಮೆ ಕೊಂಡರೆ ವರ್ಷಗಟ್ಟಲೆ ಬರುತ್ತದೆ.

ಆದರೆ ಮನೆಯಲ್ಲಿ ಮಾಡಿಕೊಳ್ಳುವುದಕ್ಕೆ ಕೆಲವು ಕಟ್ಟುನಿಟ್ಟು ಬೇಕು. ನಿಮ್ಮ ಬೆನ್ನು ನಿಮಗೆ ಎಟುಕುವುದಿಲ್ಲ, ಹಾಗಾಗಿ ಇನ್ನೊಬ್ಬರು ಬೇಕೇ ಬೇಕು. ಕುತ್ತಿಗೆಯ ಮುಂಭಾಗ, ಪಕ್ಕ, ಬೆನ್ನುಮೂಳೆಯ ಮೇಲೆ, ಮಚ್ಚೆ, ಉಬ್ಬಿದ ರಕ್ತನಾಳ, ಹೊಸ ಉಳುಕಿನ ಜಾಗ, ಇಲ್ಲೆಲ್ಲ ಕಪ್ ಇಡಬಾರದು. ನಿಂತ ಕಪ್ಪಾದರೆ ಮೊದಲ ಸಲ ಐದು ನಿಮಿಷ ಸಾಕು. ಅಭ್ಯಾಸವಾದ ಮೇಲೂ ಹತ್ತು ನಿಮಿಷ ದಾಟಿಸಬೇಡಿ. ಕಪ್ ಹಾಕಿಕೊಂಡು ನಿದ್ದೆ ಹೋಗಬೇಡಿ. ಹಳೆಯ ಗುರುತು ಪೂರ್ತಿ ಆರುವ ಮೊದಲು ಅದೇ ಜಾಗಕ್ಕೆ ಮತ್ತೆ ಹಾಕಬೇಡಿ.

ಹಿಜಾಮಾ ಎಂಬ ವೆಟ್ ಕಪ್ಪಿಂಗ್

ಇಲ್ಲಿ ಮೊದಲು ಕಪ್ ಹಾಕಿ ತೆಗೆದು, ಆ ಜಾಗದಲ್ಲಿ ಬ್ಲೇಡಿನಿಂದ ತುಂಬ ಮೇಲುಮೇಲಿನ ಗೀರು ಹಾಕಿ, ಮತ್ತೆ ಕಪ್ ಇಟ್ಟು ರಕ್ತ ಎಳೆಯುತ್ತಾರೆ. ಮುಸ್ಲಿಮರಲ್ಲಿ ಇದಕ್ಕೆ ಧಾರ್ಮಿಕ ಮಹತ್ವವೂ ಇದೆ. ಚಾಂದ್ರಮಾನ ತಿಂಗಳ 17, 19, 21ನೇ ದಿನ ಮಾಡಿಸಿಕೊಳ್ಳುವ ಪದ್ಧತಿ ಇದೆ. ನಂಬಿಕೆಯಿಂದ ಮಾಡಿಸುವವರ ಆಯ್ಕೆಯನ್ನು ನಾನು ಪ್ರಶ್ನಿಸುತ್ತಿಲ್ಲ, ಅವರಿಗೂ ಸುರಕ್ಷತೆಯ ಮಾತು ಮುಖ್ಯ. ನಾನು ಇಲ್ಲಿ ತೂಗುತ್ತಿರುವುದು ಸ್ನಾಯು ಬಿಗಿತಕ್ಕೆ ಮಾತ್ರ.

ಆ ಒಂದು ಉದ್ದೇಶಕ್ಕೆ ನೋಡಿದರೆ, ಗೀರು ಹಾಕುವುದರಿಂದ ಸಿಗುವ ಹೆಚ್ಚಿನ ಲಾಭ ಸ್ಪಷ್ಟವಿಲ್ಲ, ಹೆಚ್ಚಿನ ಅಪಾಯ ಮಾತ್ರ ಸ್ಪಷ್ಟ. ಚರ್ಮ ಕತ್ತರಿಸಿದರೆ ಸೋಂಕಿಗೆ ದಾರಿ ಆಗುತ್ತದೆ. ಬ್ಲೇಡ್ ಅಥವಾ ಕಪ್ ಒಬ್ಬರಿಂದ ಒಬ್ಬರಿಗೆ ಹೋದರೆ ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಹರಡಬಹುದು. ಕೆಲವರಿಗೆ ರಕ್ತ ನೋಡಿ ತಲೆ ಸುತ್ತಿ ಬೀಳುವ ಹಾಗಾಗುತ್ತದೆ. ಗಾಯದ ಗುರುತು ಗಂಟುಗಂಟಾಗಿ ಬೆಳೆಯುವ ಕೆಲಾಯ್ಡ್ ಸ್ವಭಾವ ಇದ್ದವರಿಗೆ ಬೆನ್ನಿನ ತುಂಬ ಕಲೆ ನಿಲ್ಲಬಹುದು. ಕಪ್ಪಿನಲ್ಲಿ ಜೆಲ್ಲಿಯ ಹಾಗೆ ಗಟ್ಟಿಯಾದ ರಕ್ತ ತೋರಿಸಿ, ಇದು ಕೆಟ್ಟ ರಕ್ತ ಎನ್ನುತ್ತಾರೆ. ಮೈಯಿಂದ ಹೊರಬಂದ ರಕ್ತ ನಿಂತಲ್ಲಿ ಹೆಪ್ಪುಗಟ್ಟುವುದು ಅದರ ಸಹಜ ಗುಣ, ಆರೋಗ್ಯವಂತರ ರಕ್ತವೂ ಹಾಗೇ ಆಗುತ್ತದೆ.

ಆದರೂ ಮಾಡಿಸುತ್ತೀರಿ ಎಂದಾದರೆ ಬಿಯುಎಂಎಸ್ ಓದಿದ, ನೋಂದಣಿ ಇರುವ ಯುನಾನಿ ವೈದ್ಯರ ಹತ್ತಿರವೇ ಹೋಗಿ. ಬೆಂಗಳೂರಿನ ಮಾಗಡಿ ರಸ್ತೆಯ ಕೊಟ್ಟಿಗೆಪಾಳ್ಯದಲ್ಲಿ ಆಯುಷ್ ಸಚಿವಾಲಯದ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆ ಇದೆ. ಆಸ್ಪತ್ರೆಯೂ ಅಲ್ಲೇ ಇದೆ. ಈ ಚಿಕಿತ್ಸೆಯನ್ನು ಸ್ನಾತಕೋತ್ತರ ಮಟ್ಟದಲ್ಲಿ ಕಲಿಸುವ ವಿಭಾಗವೂ ಅಲ್ಲಿದೆ. ಎಲ್ಲೇ ಮಾಡಿಸಿದರೂ ಬ್ಲೇಡಿನ ಪೊಟ್ಟಣವನ್ನು ನಿಮ್ಮ ಕಣ್ಣೆದುರು ಒಡೆಯಲಿ, ಕಪ್ ಹೊಸದಾಗಿರಲಿ, ಕೈಗೆ ಗ್ಲೌಸ್ ಇರಲಿ. ಮನೆಗೆ ಬಂದು ಮಾಡುತ್ತೇವೆ ಎನ್ನುವವರ ಹತ್ತಿರ ಬಳಸಿದ ಬ್ಲೇಡ್ ಹಾಕುವ ಡಬ್ಬಿ ಇದೆಯಾ ಎಂದು ಕೇಳಿ. ಇಲ್ಲ ಎಂದರೆ ಬೇಡ ಎನ್ನಿ. ನೀವು ರಕ್ತದಾನ ಮಾಡುವವರಾದರೆ ಮುಂದಿನ ಸಲ ಬ್ಲಡ್ ಬ್ಯಾಂಕ್‌ನಲ್ಲಿ ಇದನ್ನು ತಿಳಿಸಬೇಕು.

ಕಪ್ ಬಿಟ್ಟು ಬೇರೆ ದಾರಿ

ಹೋಲಿಕೆ ಕಪ್ಪಿಂಗ್‌ನ ಬಗೆಗಳ ನಡುವೆಯೇ ನಿಂತರೆ ಅದು ಪೂರ್ತಿಯಾಗುವುದಿಲ್ಲ. ಜರ್ಮನಿಯದೇ ಇನ್ನೊಂದು ಅಧ್ಯಯನ, 2013ರದ್ದು, ನನಗೆ ತುಂಬ ಉಪಯುಕ್ತ ಅನಿಸಿತು. ಬಹುಕಾಲದ ಕುತ್ತಿಗೆ ನೋವು ಇರುವವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮನೆಯವರಿಂದ ವಾರಕ್ಕೆ ಎರಡು ಸಲ ಎಣ್ಣೆ ಹಚ್ಚಿ ಜಾರುವ ಕಪ್ಪಿನ ಮಸಾಜ್. ಇನ್ನೊಂದು ಗುಂಪು ಕಪ್ಪೇ ಇಲ್ಲದೆ, ಸ್ನಾಯುಗಳನ್ನು ಬಿಗಿದು ಬಿಡುವ ಅಭ್ಯಾಸ. ಮೂರು ತಿಂಗಳ ಮೇಲೆ ನೋವಿನಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಇರಲಿಲ್ಲ. ಒತ್ತಿದಾಗ ನೋಯುವುದು, ಒಟ್ಟಾರೆ ಹಾಯಾಗಿರುವುದು ಇವೆರಡರಲ್ಲಿ ಕಪ್ಪಿನ ಗುಂಪು ಸ್ವಲ್ಪ ಮುಂದಿತ್ತು, ಅಷ್ಟೇ.

ಆ ಬಿಗಿದು ಬಿಡುವ ಅಭ್ಯಾಸಕ್ಕೆ ಒಂದು ಪೈಸೆ ಖರ್ಚಿಲ್ಲ. ಚಾಪೆ ಮೇಲೆ ಮಲಗಿ. ಮುಷ್ಟಿ ಬಿಗಿ ಹಿಡಿದು ಐದಾರು ಸೆಕೆಂಡ್ ಇರಿ, ಆಮೇಲೆ ಪೂರ್ತಿ ಸಡಿಲ ಬಿಟ್ಟು ಇಪ್ಪತ್ತು ಮೂವತ್ತು ಸೆಕೆಂಡ್ ಆ ಸಡಿಲತನವನ್ನು ಗಮನಿಸಿ. ಹೀಗೆ ತೋಳು, ಹೆಗಲು ಕಿವಿಯ ಕಡೆಗೆ ಎತ್ತಿ ಬಿಡುವುದು, ಮುಖ, ಹೊಟ್ಟೆ, ತೊಡೆ, ಪಾದ. ಇಪ್ಪತ್ತು ನಿಮಿಷ ಸಾಕು. ಒತ್ತಡದಿಂದ ಹೆಗಲು ಮೇಲೇರಿಸಿಕೊಂಡೇ ಇರುವವರು ನಮ್ಮಲ್ಲಿ ತುಂಬ ಜನ. ಅವರಿಗೆ ಕಪ್ಪಿಗಿಂತ ಮೊದಲು ಇದನ್ನೇ ಹೇಳಬೇಕು ಎಂದು ನನಗನ್ನಿಸುತ್ತದೆ.

ಫಿಸಿಯೋಥೆರಪಿ ನಿಧಾನ, ಮೊದಲ ದಿನವೇ ಹಾಯಾಗುವುದಿಲ್ಲ, ಆದರೆ ಪದೇ ಪದೇ ಬರುವ ಬಿಗಿತಕ್ಕೆ ಬೇರಿನ ಮಟ್ಟದಲ್ಲಿ ಕೆಲಸ ಮಾಡುವುದು ಅದೇ. ಗದ್ದ ಹಿಂದಕ್ಕೆ ಎಳೆದುಕೊಳ್ಳುವುದು, ಹೆಗಲ ಹಿಂಬದಿಯ ರೆಕ್ಕೆಮೂಳೆಗಳನ್ನು ಹತ್ತಿರ ತರುವುದು, ಇಂಥ ಚಿಕ್ಕ ವ್ಯಾಯಾಮ ಕಲಿತರೆ ಆಮೇಲೆ ಫೀಸ್ ಇಲ್ಲ. ಕೆಲವು ಫಿಸಿಯೋಗಳು ಕಪ್ಪಿಂಗ್ ಕೂಡ ಮಾಡುತ್ತಾರೆ. ಎರಡೂ ಒಂದೇ ಕಡೆ ಸಿಕ್ಕರೆ ಅದಕ್ಕಿಂತ ಒಳ್ಳೆಯದು ಇಲ್ಲ. ಸೂಜಿ ಚುಚ್ಚುವ ಡ್ರೈ ನೀಡ್ಲಿಂಗ್ ಹೇಳಿದರೆ, ಮೇಲ್ಬೆನ್ನಿನಲ್ಲಿ ಸೂಜಿ ಆಳಕ್ಕೆ ಹೋದರೆ ಶ್ವಾಸಕೋಶಕ್ಕೆ ತಾಗುವ ಅಪಾಯ ಅಪರೂಪಕ್ಕಾದರೂ ಇದೆ ಎಂಬುದು ನೆನಪಿರಲಿ.

ಎಣ್ಣೆ ಮಸಾಜ್, ಬಿಸಿನೀರಿನ ಚೀಲ ಎರಡೂ ಕಪ್ಪಿಂಗ್ ಕೊಡುವಂಥದ್ದೇ ತಾತ್ಕಾಲಿಕ ಆರಾಮ ಕೊಡುತ್ತವೆ, ಕಲೆ ಇಲ್ಲದೆ. ಚೀಲಕ್ಕೆ ಟವೆಲ್ ಸುತ್ತಿ ಹದಿನೈದು ಇಪ್ಪತ್ತು ನಿಮಿಷ ಇಟ್ಟುಕೊಳ್ಳಿ.

ಹಾಗಾದರೆ ಯಾರಿಗೆ ಯಾವುದು

ದುಡ್ಡು ಖರ್ಚು ಮಾಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಬಿಸಿ ಶಾಖ, ಬಿಗಿದು ಬಿಡುವ ಅಭ್ಯಾಸ, ಅರ್ಧ ಗಂಟೆಗೊಮ್ಮೆ ಎದ್ದು ಹೆಗಲು ತಿರುಗಿಸುವುದು. ಏನೋ ಕಳೆದುಕೊಂಡೆ ಎಂದು ಬೇಸರಪಡಬೇಕಿಲ್ಲ. ಒಂದು ಸಾವಿರದೊಳಗೆ ಖರ್ಚು ಮಾಡಬಲ್ಲಿರಿ, ಮನೆಯಲ್ಲಿ ಸಹಾಯಕ್ಕೆ ಒಬ್ಬರಿದ್ದಾರೆ ಅಂದರೆ ಸಿಲಿಕೋನ್ ಕಪ್ ಕೊಳ್ಳಿ. ದಿನವಿಡೀ ಹೊಲಿಯುವವರಿಗೆ, ಕೂತು ಟೈಪ್ ಮಾಡುವವರಿಗೆ ಇದು ಒಳ್ಳೆಯ ಹೊಂದಾಣಿಕೆ. ತಿಂಗಳಿಗೊಂದಿಷ್ಟು ಖರ್ಚು ಮಾಡಬಲ್ಲವರು ಅದನ್ನು ಫಿಸಿಯೋಗೆ ಹಾಕಿ, ಬೇಕಿದ್ದರೆ ಅಲ್ಲೇ ಪಂಪ್ ಕಪ್ ಹಾಕಿಸಿಕೊಳ್ಳಿ. ಜಿಮ್, ಓಟದ ನಂತರದ ಮೈಕೈ ನೋವು ಎರಡು ಮೂರು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ. ಕಪ್ ಹಿತ ಅನಿಸಿದರೆ ಹಾಕಿಸಿಕೊಳ್ಳಿ, ಅನಿವಾರ್ಯ ಏನಲ್ಲ.

ಅರವತ್ತು ದಾಟಿದ, ಬಿಪಿ, ಸಕ್ಕರೆ, ಹೃದಯದ ಮಾತ್ರೆ ತಗೊಳ್ಳುವ ಅಪ್ಪ ಅಮ್ಮನಿಗೆ ಮಾಡಿಸಬೇಕು ಎಂದುಕೊಂಡಿದ್ದರೆ ನನ್ನ ಉತ್ತರ ಬೇಡ ಎಂದೇ. ವಯಸ್ಸಾದಂತೆ ಚರ್ಮ ತೆಳುವಾಗುತ್ತದೆ, ಬೇಗ ಕಂದುತ್ತದೆ. ಅವರಿಗೆ ಕೈಯಲ್ಲಿ ಮೆತ್ತಗೆ ಎಣ್ಣೆ ಉಜ್ಜಿ. ಬಿಸಿನೀರಿನ ಚೀಲ ಕೊಡುವುದಾದರೆ ಚೀಲದ ಬಿಸಿಯನ್ನು ನಿಮ್ಮ ಕೈಯಲ್ಲಿ ನೋಡಿ ಕೊಡಿ. ಸಕ್ಕರೆ ಕಾಯಿಲೆಯವರಿಗೆ ಸುಡುವುದು ಗೊತ್ತಾಗದೇ ಹೋಗಬಹುದು.

ಮಾಡಿಸುವುದೆಂದು ನಿರ್ಧರಿಸಿದರೆ

ಹೊಟ್ಟೆ ಪೂರ್ತಿ ತುಂಬಿಸಿಕೊಂಡೂ ಹೋಗಬೇಡಿ, ಖಾಲಿ ಹೊಟ್ಟೆಯಲ್ಲೂ ಹೋಗಬೇಡಿ. ಹೋದ ತಕ್ಷಣ ಬಟ್ಟೆ ಬಿಚ್ಚಿ ಮಲಗಿಸಿಬಿಡುವ ಕಡೆಗಿಂತ, ಕುತ್ತಿಗೆ ತಿರುಗಿಸಿ ನೋಡಿ, ಮಾತ್ರೆ ಏನು ತಗೊಳ್ತೀರಿ ಎಂದು ಕೇಳುವ ಕಡೆ ಹೋಗಿ. ಓದಿದ್ದೇನು ಎಂದು ಸಂಕೋಚವಿಲ್ಲದೆ ಕೇಳಿ. ಬಿಪಿಟಿ (ಫಿಸಿಯೋಥೆರಪಿ), ಬಿಎನ್‌ವೈಎಸ್ (ಪ್ರಕೃತಿ ಚಿಕಿತ್ಸೆ ಮತ್ತು ಯೋಗ), ಬಿಯುಎಂಎಸ್ (ಯುನಾನಿ), ಬಿಎಎಂಎಸ್ (ಆಯುರ್ವೇದ) ಇಂಥ ಪದವಿ, ಜೊತೆಗೆ ಕಪ್ಪಿಂಗ್‌ನಲ್ಲಿ ತರಬೇತಿ ಎರಡೂ ಇರಲಿ. ವಾರಾಂತ್ಯದ ತರಗತಿಯ ಸರ್ಟಿಫಿಕೇಟ್ ಒಂದೇ ಸಾಲದು. ಎಳೆತ ಸಹಿಸಲಾಗದಷ್ಟು ಆದರೆ ಆ ಕ್ಷಣವೇ ಹೇಳಿ. ಜಾಸ್ತಿ ನೋವಾದರೆ ಜಾಸ್ತಿ ಗುಣ ಎನ್ನುವುದು ಇಲ್ಲಿ ಇಲ್ಲ.

ಮುಗಿದ ಮೇಲೆ ಎದ್ದು ಕೂತು ಸ್ವಲ್ಪ ಸುಧಾರಿಸಿಕೊಂಡು ಹೊರಡಿ. ಅವತ್ತು ಆ ಜಾಗವನ್ನು ಉಜ್ಜಿ ತೊಳೆಯಬೇಡಿ. ಬೊಬ್ಬೆ ಎದ್ದರೆ ಒಡೆಯಬೇಡಿ. ಕೀವು, ಜ್ವರ, ಹರಡುವ ಕೆಂಪು ಕಂಡರೆ ಡಾಕ್ಟರಿಗೆ ತೋರಿಸಿ.

ಪರಿಣಾಮ ನೋಡಲು ಒಂದು ಸುಲಭ ದಾರಿ ಇದೆ. ಹೋಗುವ ಮೊದಲು ಕನ್ನಡಿ ಮುಂದೆ ನಿಂತು ಗದ್ದ ಹೆಗಲಿನ ಕಡೆಗೆ ಎಷ್ಟು ತಿರುಗುತ್ತದೆ ಎಂದು ಎರಡೂ ಬದಿ ನೋಡಿ ಬರೆದಿಡಿ. ಮಾಡಿಸಿದ ಮರುದಿನ, ಆಮೇಲೆ ಒಂದು ವಾರದ ನಂತರ ಮತ್ತೆ ನೋಡಿ. ಎರಡು ಮೂರು ಸಲ ಮಾಡಿಸಿದರೂ ವಾರದ ಕೊನೆಗೆ ಮೊದಲಿದ್ದಲ್ಲಿಗೇ ಬರುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ, ಉಳಿದ ದುಡ್ಡನ್ನು ಫಿಸಿಯೋಗೆ ಕೊಡಿ. ಅದಕ್ಕೇ ಹೇಳುವುದು, ಹತ್ತು ಸಿಟ್ಟಿಂಗ್‌ನ ಪ್ಯಾಕೇಜ್ ಎಷ್ಟೇ ರಿಯಾಯಿತಿಯಲ್ಲಿ ಕೊಟ್ಟರೂ ಮುಂಗಡ ಕಟ್ಟಬೇಡಿ.